ನನಗಿಂತ ಮೊದಲೇ ಬಂದು ಹೋದವಳು

ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಯಾರಾದರೂ ದೆವ್ವದ ಕಥೆ ಶುರು ಮಾಡಿದರೆ ಅದರ ಮಜಾ ಕೆಡಿಸುವವಳು ನಾನೇ. ಹುಣಸೆಮರದ ಕೆಳಗೆ ಸೀರೆ ಉಟ್ಟವಳೊಬ್ಬಳು ನಿಂತಿದ್ದಳು ಎಂದರೆ, ಸೀರೆ ಯಾವ ಬಣ್ಣದ್ದು, ಅಂಚು ಎಷ್ಟಗಲ ಎಂದು ಕೇಳುತ್ತೇನೆ. ಅಮಾವಾಸ್ಯೆ ಕತ್ತಲಲ್ಲಿ ನಿಮಗೆ ಬಣ್ಣ ಹೇಗೆ ಕಂಡಿತು ಎಂದು ಇನ್ನೊಂದು ಪ್ರಶ್ನೆ ಹಾಕುವಷ್ಟರಲ್ಲಿ ಹೇಳುವವರಿಗೆ ಸಾಕುಸಾಕಾಗಿರುತ್ತದೆ. ನಾನು ಬೆಳೆದದ್ದೇ ಹಾಗೆ. ಅಪ್ಪ ಕೆಂಚಾರ್ಲಹಳ್ಳಿಯಲ್ಲಿ ಮೇಷ್ಟ್ರಾಗಿದ್ದರು. ಮನೆಯ ಗೋಡೆಯ ಮೇಲೆ ಬುದ್ಧನ ಪಟವೊಂದನ್ನು ಬಿಟ್ಟು ಇನ್ನೊಂದಕ್ಕೆ ಮೊಳೆ ಹೊಡೆಯಲು ಬಿಟ್ಟವರಲ್ಲ. ಮೂರು ದಾರಿ ಕೂಡುವಲ್ಲಿ ಇಟ್ಟ ನಿಂಬೆಹಣ್ಣು ತುಳಿದರೆ ಏನಾಗುತ್ತದೆ ಎಂದು ಚಿಕ್ಕವಳಿದ್ದಾಗ ಕೇಳಿದ್ದಕ್ಕೆ, "ಕಾಲು ಜಾರುತ್ತೆ, ನೋಡ್ಕೊಂಡು ನಡಿ" ಎಂದಿದ್ದರು.

ಅಂಥವಳು ಈಗ ಇದನ್ನು ಬರೆಯಲು ಕೂತಿದ್ದೇನೆ. ಓದಿ ನಕ್ಕರೆ ನನಗೇನೂ ಬೇಜಾರಿಲ್ಲ, ನಾನೇ ಎಷ್ಟೋ ಸಲ ನಕ್ಕಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಇದು ನಡೆದದ್ದು ರಾತ್ರಿಯಲ್ಲ. ಹುಣಸೆಮರವೂ ಇಲ್ಲ. ಚಿಂತಾಮಣಿಯ ಪೇಟೆಯಲ್ಲಿ, ಶನಿವಾರದ ಮಟಮಟ ಮಧ್ಯಾಹ್ನ, ಸೌತೆಕಾಯಿ ಗಾಡಿಯವನು ಕೂಗುತ್ತಿರುವಾಗ ನಡೆದದ್ದು.

ಮೊದಲು ಅಂಗಡಿಯ ವಿಷಯ ಹೇಳಬೇಕು. ಪೇಟೆ ಬೀದಿಯಿಂದ ಒಳಕ್ಕೆ ತಿರುಗುವ ಒಂದು ಗಲ್ಲಿಯಲ್ಲಿ ಗೋವಿಂದಪ್ಪ ತಾತನ ಬಣ್ಣದ ಅಂಗಡಿ ಇತ್ತು. ಮುಂದೆ ಶಾಲೆ ಮಕ್ಕಳ ನೋಟ್‌ಬುಕ್ಕು, ಜಾಮಿಟ್ರಿ ಬಾಕ್ಸು, ರಂಗೋಲಿ ಪುಡಿ. ಒಳಗೆ ಹೋದರೆ ಬ್ರಶ್ಶು, ಕ್ಯಾನ್ವಾಸು, ಟ್ಯೂಬು, ಡಬ್ಬ. ಬೋರ್ಡು ಬರೆಯುವವರು, ಟೊಮ್ಯಾಟೊ ಲಾರಿಗಳ ಹಿಂದೆ ಹೂಬಳ್ಳಿ ಬಿಡಿಸುವವರು, ಹಬ್ಬ ಬಂದರೆ ಗಣೇಶನಿಗೆ ಕಣ್ಣು ಬರೆಯುವವರು, ಎಲ್ಲರೂ ಬರುತ್ತಿದ್ದದ್ದು ಅಲ್ಲಿಗೇ. ಇಷ್ಟಾಗಿಯೂ ಆ ಅಂಗಡಿಗೇ ಒಂದು ಬೋರ್ಡು ಇರಲಿಲ್ಲ! ಊರಿನ ಬೋರ್ಡು ಬರೆಯುವವರೆಲ್ಲ ನಾನು ಬರೆದುಕೊಡುತ್ತೇನೆ, ನಾನು ಬರೆದುಕೊಡುತ್ತೇನೆ ಎಂದು ಮುಂದೆ ಬರುತ್ತಿದ್ದರು. ಒಬ್ಬರಿಗೆ ಹೂಂ ಎಂದರೆ ಉಳಿದವರು ಮುನಿಸಿಕೊಳ್ಳುತ್ತಾರೆಂದು ತಾತ ಯಾರಿಗೂ ಹೂಂ ಎನ್ನಲಿಲ್ಲ. ಕರಿ ಬಣ್ಣ ಬಳಿದ ತಗಡೊಂದು ಬಾಗಿಲ ಮೇಲೆ ವರ್ಷಗಟ್ಟಲೆ ಖಾಲಿಯಾಗಿಯೇ ನೇತಾಡುತ್ತಿತ್ತು.

ಆ ಅಂಗಡಿಯಲ್ಲಿ ಒಂದು ಪದ್ಧತಿ. ಗಲ್ಲಾದ ಪಕ್ಕದ ಗೋಡೆಗೆ ಹಳೇ ಮನೆಯ ಬಾಗಿಲಿನ ಒಂದು ಕದ ಒರಗಿಸಿಟ್ಟಿದ್ದರು. ಬ್ರಶ್ಶಾಗಲಿ ಬಣ್ಣವಾಗಲಿ ತೆಗೆದುಕೊಳ್ಳುವವರು ಅದರ ಮೇಲೆ ಒಂದು ಗೆರೆ ಎಳೆದು ನೋಡಿಯೇ ತೆಗೆದುಕೊಳ್ಳಬೇಕು. ಒಬ್ಬೊಬ್ಬರಿಗೆ ಕೆಳಗಿನಿಂದ ಮೇಲಕ್ಕೆ ಒಂದೊಂದು ಪಟ್ಟಿ, ಒಬ್ಬರ ಪಟ್ಟಿಯಲ್ಲಿ ಇನ್ನೊಬ್ಬರು ಕೈಯಿಡುವಂತಿಲ್ಲ. ತಾತ ಮಾತ್ರ ಆ ಕದದ ಮೇಲೆ ಒಂದು ಚುಕ್ಕಿಯನ್ನೂ ಇಟ್ಟವರಲ್ಲ. "ಮಾರೋನು ಹಚ್ಚಬಾರ್ದು, ತಗೊಳ್ಳೋನು ಹಚ್ಬೇಕು" ಎನ್ನುತ್ತಿದ್ದರು. ಈ ಮಾತು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ನನ್ನ ಪಟ್ಟಿ ಎಡಗಡೆಯ ಕೊನೆಯಲ್ಲಿತ್ತು. ಅದರ ಕೆಳಗಿನ ಗೆರೆ ನಾನು ಒಂಬತ್ತು ವರ್ಷದವಳಿದ್ದಾಗ ಎಳೆದದ್ದು. ಶಾಲೆಯಲ್ಲಿ ಎಡಗೈಯಲ್ಲಿ ಬರೆದರೆ ಟೀಚರು ಸ್ಕೇಲಿನಲ್ಲಿ ಬಾರಿಸುತ್ತಿದ್ದ ಕಾಲ. ಅಪ್ಪ ಕ್ರೆಯಾನ್ ಕೊಡಿಸಲು ಕರೆದುಕೊಂಡು ಬಂದಿದ್ದರು. ನಾನು ಕದದ ಮುಂದೆ ನಿಂತು ಯಾವ ಕೈ ಮುಂದೆ ಮಾಡುವುದೆಂದು ಗೊತ್ತಾಗದೆ ಎರಡನ್ನೂ ಹಿಂದಕ್ಕೆ ಕಟ್ಟಿಕೊಂಡೆ. ತಾತ ನೋಡಿದರು. ಕ್ರೆಯಾನು ಬದಿಗಿಟ್ಟು, ಗಾಜಿನ ಬೀರುವಿನಿಂದ ದೊಡ್ಡವರ ಆಯಿಲ್ ಬಣ್ಣದ ಟ್ಯೂಬೊಂದನ್ನು ತೆಗೆದು, ಬ್ರಶ್ಶಿನ ತುದಿಗೆ ಒಂದಿಷ್ಟು ಹಚ್ಚಿ, ನೇರವಾಗಿ ನನ್ನ ಎಡಗೈಗೇ ಕೊಟ್ಟರು. "ಹಚ್ಚು ಪಾಪ. ಬಣ್ಣಕ್ಕೆ ಯಾವ ಕೈಯಾದ್ರೇನು?"

ಸ್ಟೌವ್ ಚೆನ್ನಾಗಿ ಉರಿಯುವಾಗ ಬರುತ್ತದಲ್ಲ, ಆ ನೀಲಿ. ಅಂಥ ಬಣ್ಣವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆ ಟ್ಯೂಬು ಕೊಡಿಸಿ ಎಂದು ಮೇಷ್ಟ್ರ ಸಂಬಳದ ಅಪ್ಪನಿಗೆ ಹೇಳುವ ಹಾಗಿರಲಿಲ್ಲ. ದೊಡ್ಡವಳಾಗಿ ನಾನೇ ಕೊಳ್ಳುವ ಹೊತ್ತಿಗೆ ಕಂಪನಿಯವರು ಆ ನೀಲಿಯನ್ನು ಮಾಡುವುದನ್ನೇ ನಿಲ್ಲಿಸಿದ್ದರು. ಬೇರೆ ಎಷ್ಟು ನೀಲಿ ಬೆರೆಸಿ ನೋಡಿದರೂ ಅದು ಬರಲಿಲ್ಲ. ಅವತ್ತಿನಿಂದ ನನ್ನ ಪಟ್ಟಿಯಲ್ಲಿ ಗೆರೆಯ ಮೇಲೆ ಗೆರೆ ಏರುತ್ತಾ ಹೋಯಿತು, ನಾನು ಉದ್ದವಾದ ಹಾಗೆ ಅವೂ ಮೇಲಕ್ಕೆ ಹೋದವು. ಎಡಗೈಯಲ್ಲಿ ಎಳೆದು ಬಿಡುವಾಗ ನನ್ನ ಗೆರೆಯ ಬಾಲ ಸಣ್ಣ ಕೊಕ್ಕೆಯಾಗಿ ಎಡಕ್ಕೆ ತಿರುಗುತ್ತದೆ. ಇಡೀ ಕದದಲ್ಲಿ ಹಾಗೆ ತಿರುಗಿದ ಗೆರೆಗಳು ನನ್ನವು ಮಾತ್ರ. ತಾತನಿಗೆ ನಾನು ಇವತ್ತಿಗೂ ಪಾಪನೇ. ಎರಡು ಮಕ್ಕಳ ತಾಯಿಯಾದರೂ ಪೇಟೆಯ ಮಧ್ಯೆ "ಏನ್ ಪಾಪ!" ಎಂದು ಕೂಗಿ ನನ್ನ ಮಾನ ಕಳೆಯುತ್ತಾರೆ.

ಮದುವೆಯಾಗಿ ಬಂದದ್ದು ಚಿಂತಾಮಣಿಗೇ. ಶಿಡ್ಲಘಟ್ಟದ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಕೆಲಸ, ದಿನಾ ಬಸ್ಸು. ಗಂಡನ ಮನೆ ಊರಿನ ಅಂಚಿನಲ್ಲಿದೆ. ಬೀದಿಗೆ ಅಂಟಿಕೊಂಡ ಹಾಗೆ ಒಂದು ಉದ್ದನೆಯ ಕೋಣೆ, ಅದರಲ್ಲಿ ನಮ್ಮತ್ತೆ ರೇಷ್ಮೆಹುಳ ಸಾಕುತ್ತಿದ್ದರು. ಹುಳ ಸಾಕುವ ಮನೆಯಲ್ಲಿ ಘಾಟು ವಾಸನೆ ಸುಳಿಯಬಾರದು. ಸೊಳ್ಳೆ ಬತ್ತಿ ಹಚ್ಚುವ ಹಾಗಿಲ್ಲ, ಸೆಂಟು ಹಾಕಿಕೊಂಡ ನೆಂಟರನ್ನು ಒಳಗೆ ಬಿಡುವ ಹಾಗಿಲ್ಲ. ನಾನು ಮೇಷ್ಟ್ರ ಮಗಳು, ನನಗೇನು ಗೊತ್ತು? ಮದುವೆಯಾದ ಮೊದಲ ವರ್ಷ, ಅತ್ತೆ ಯಾವುದೋ ಗೃಹಪ್ರವೇಶಕ್ಕೆ ಹೋಗಿದ್ದ ದಿನ, ಹುಳದ ಮನೆಯ ತುಕ್ಕು ಹಿಡಿದ ಕಿಟಕಿ ಸರಳುಗಳಿಗೆ ಟರ್ಪಂಟೈನ್ ಬೆರೆಸಿ ಚೆಂದಾಗಿ ಹಸಿರು ಪೇಂಟ್ ಹೊಡೆದುಬಿಟ್ಟೆ. ಅತ್ತೆ ಬಂದು ನೋಡಿ ಖುಷಿಪಡಲಿ ಎಂದು.

ಹುಳಗಳು ಆಗಷ್ಟೇ ನಾಲ್ಕನೇ ಜ್ವರದಿಂದ ಎದ್ದು, ಅಂದರೆ ಕೊನೆಯ ಸಲ ಪೊರೆ ಕಳಚಿ, ಮಳೆ ಬಿದ್ದ ಹಾಗೆ ಸದ್ದು ಮಾಡುತ್ತಾ ಸೊಪ್ಪು ತಿನ್ನುತ್ತಿದ್ದವು. ಸಂಜೆಯ ಹೊತ್ತಿಗೆ ಆ ಸದ್ದು ನಿಂತಿತು. ತಲೆ ಎತ್ತಿಕೊಂಡು ಸುಮ್ಮನಾದವು. ಇಡೀ ಬೆಳೆ ಹೋಯಿತು. ಅತ್ತೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸತ್ತ ಹುಳಗಳನ್ನು ಗುಂಡಿಗೆ ಹಾಕಿ ಬಂದು ಕೈ ತೊಳೆದು ಒಲೆ ಹಚ್ಚಿದರು. ಎಂಟು ದಿನ ಆ ಮನೆಯಲ್ಲಿ ಉಪ್ಪು ಕೊಡು, ನೀರು ಕೊಡು ಎನ್ನುವುದು ಬಿಟ್ಟು ಬೇರೆ ಮಾತಿರಲಿಲ್ಲ. ಅಂದಿನಿಂದ ನಾನು ಒಂದು ಪೆನ್ಸಿಲನ್ನು ಬಿಟ್ಟು ಬಣ್ಣದ ಯಾವ ವಸ್ತುವನ್ನೂ ಮನೆಯೊಳಕ್ಕೆ ತರಲಿಲ್ಲ. ಹನ್ನೊಂದು ವರ್ಷ!

ಹಾಗಾದರೆ ಚಿತ್ರ ಎಲ್ಲಿ ಬರೆಯುತ್ತಿದ್ದೆ ಎಂದು ಕೇಳುತ್ತೀರಿ. ತಾತನ ಅಂಗಡಿಯ ಅಟ್ಟದ ಮೇಲೆ. ಭಾನುವಾರ ಮಧ್ಯಾಹ್ನ ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು, ತರಕಾರಿ ತರುತ್ತೇನೆ ಎಂದು ಹೊರಟು, ಏಣಿ ಹತ್ತಿದರೆ ಮೂರು ಗಂಟೆ ನನ್ನನ್ನು ಕೇಳುವವರಿಲ್ಲ. ಕೆಳಗೆ ತಾತ ಗಿರಾಕಿಗಳ ಜೊತೆ ತೆಲುಗು ಕನ್ನಡ ಬೆರೆಸಿ ಹರಟುವುದು ಕೇಳಿಸುತ್ತಿತ್ತು, ನಡುವೆ ಒಂದು ಲೋಟ ಟೀ ಏಣಿಯ ಮೇಲೆ ಬಂದು ಕೂರುತ್ತಿತ್ತು. ನಾನು ಬರೆದದ್ದು ಒಳ್ಳೆಯ ಚಿತ್ರಗಳೋ ಅಲ್ಲವೋ ಗೊತ್ತಿಲ್ಲ. ಆದರೆ ಆ ಮೂರು ಗಂಟೆ ಇಲ್ಲದಿದ್ದರೆ ನಾನು ನಾನಾಗಿ ಉಳಿಯುತ್ತಿರಲಿಲ್ಲ, ಅಷ್ಟು ಗೊತ್ತು.

ಈಗ ಕೆಲವು ವರ್ಷಗಳ ಹಿಂದಿನ ಮಾತು. ಅಂಗಡಿ ಇದ್ದ ಕಟ್ಟಡ ಮಾರಾಟವಾಯಿತು. ಒಡೆದು ಕಾಂಪ್ಲೆಕ್ಸ್ ಕಟ್ಟುತ್ತಾರೆ, ತಿಂಗಳ ಕೊನೆಗೆ ಖಾಲಿ ಮಾಡಬೇಕು ಎಂದರು. ತಾತನಿಗೆ ಎಪ್ಪತ್ತು ದಾಟಿತ್ತು. ಗೌರಿಬಿದನೂರಿನಲ್ಲಿದ್ದ ಮಗಳು, ಅಂಗಡಿ ಮುಚ್ಚಿ ನಮ್ಮಲ್ಲಿಗೆ ಬಾ ಎಂದು ಕರೆಯುತ್ತಿದ್ದಳು. ಬೇರೆ ಜಾಗ ನೋಡುವ ಹುಮ್ಮಸ್ಸು ಅವರಿಗಿರಲಿಲ್ಲ. ಚಿಕ್ಕಬಳ್ಳಾಪುರದ ವ್ಯಾಪಾರಿಯೊಬ್ಬರು ಇದ್ದಬದ್ದ ಸಾಮಾನನ್ನೆಲ್ಲ ಒಟ್ಟಿಗೆ ತೆಗೆದುಕೊಳ್ಳುತ್ತೇನೆಂದು ಒಪ್ಪಿದ್ದರು. ಶನಿವಾರ ಮಧ್ಯಾಹ್ನ ಟೆಂಪೊ ಬರುವುದೆಂದು ಗೊತ್ತಾಗಿತ್ತು.

ನನ್ನ ತಲೆಯಲ್ಲಿ ಒಂದೇ ಮಾತು ಕೊರೆಯುತ್ತಿತ್ತು. ನಮ್ಮ ಹುಳದ ಮನೆ. ಬೀದಿಗೇ ಬಾಗಿಲು, ಮೂಡಲ ದಿಕ್ಕಿಗೆ ಕಿಟಕಿ. ಹುಳದ ತಟ್ಟೆ ಜೋಡಿಸುವ ಎತ್ತರದ ಸ್ಟ್ಯಾಂಡ್‌ಗಳು. ಡ್ರಾಯಿಂಗ್ ಶೀಟುಗಳನ್ನು ಸುರುಳಿ ಸುತ್ತದೆ ಮಲಗಿಸಿಡಲು ಅವಕ್ಕಿಂತ ಒಳ್ಳೆಯದು ಇನ್ನಿಲ್ಲ. ಒಂದು ದಿನ ಅತ್ತೆಗೆ ತಟ್ಟೆ ಎತ್ತಿಕೊಡುವಾಗ ಗೇಣು ಹಾಕಿ ಅಳೆದೂ ನೋಡಿದ್ದೆ. ಆದರೆ ಅತ್ತೆಯ ಮುಂದೆ ನಿಂತು, ಹನ್ನೊಂದು ವರ್ಷದ ಹಿಂದೆ ನಿಮ್ಮ ಹುಳ ಕೊಂದ ಅದೇ ಬಣ್ಣ, ಅದೇ ಟರ್ಪಂಟೈನನ್ನು ಅದೇ ಕೋಣೆಗೆ ತುಂಬಿಸುತ್ತೇನೆ ಎಂದು ಯಾವ ಮುಖ ಇಟ್ಟುಕೊಂಡು ಹೇಳಲಿ? ಗಂಡನಿಗೂ ಹೇಳಲಿಲ್ಲ. ತಾತನಿಗಂತೂ ಸುಳಿವೇ ಕೊಡಲಿಲ್ಲ. ಆಸೆ ಹುಟ್ಟಿಸಿ ಆಮೇಲೆ ಇಲ್ಲ ಎನ್ನುವುದಕ್ಕಿಂತ ಬಾಯಿ ಮುಚ್ಚಿಕೊಂಡಿರುವುದು ಲೇಸು ಎಂದುಕೊಂಡೆ.

ಆ ಶನಿವಾರ ಅರ್ಧ ದಿನದ ಶಾಲೆ. ಗಂಟೆ ಹೊಡೆದ ಕೂಡಲೇ ಓಡಿ ಬಸ್ಸು ಹತ್ತಿದೆ. ಟೆಂಪೊ ಬರುವ ಮೊದಲು ಆ ಕದವನ್ನಾದರೂ ಕೇಳಿ ಇಟ್ಟುಕೊಳ್ಳೋಣ ಎನ್ನುವುದಷ್ಟೇ ನನ್ನ ಆಸೆ. ನನ್ನ ಗ್ರಹಚಾರ, ಅರ್ಧ ದಾರಿಯಲ್ಲಿ ಟೈರು ಪಂಕ್ಚರ್. ಟೊಮ್ಯಾಟೊ ತೋಟದ ಪಕ್ಕ ಬಿಸಿಲಲ್ಲಿ ಮುಕ್ಕಾಲು ಗಂಟೆ ನಿಂತೆವು. ಜೊತೆಗಿದ್ದ ನಮ್ಮ ಶಾಲೆಯ ಗಣಿತದ ಮೇಡಂ ಕೊಡೆ ಹಿಡಿದರು. ಕೊಡೆಯ ಕೆಳಗೆ ನಾನು ಮಕ್ಕಳ ಹಾಗೆ ಮೂಗು ಸೊರಗುಟ್ಟಿಸುತ್ತಾ ಅತ್ತುಬಿಟ್ಟೆ. ಒಂದು ಅಂಗಡಿಗೋಸ್ಕರ ಹೀಗೆ ಅಳುತ್ತೀರಾ ಎಂದು ಅವರು ಗಾಬರಿಯಾದರು. ನಾನು ಎಲ್ಲಿದ್ದೆ ಎನ್ನುವುದಕ್ಕೆ ಅವರೇ ಸಾಕ್ಷಿ, ಇವತ್ತು ಕೇಳಿದರೂ ಹೇಳುತ್ತಾರೆ.

ಚಿಂತಾಮಣಿಯಲ್ಲಿ ಇಳಿದಾಗ ಒಂದೂಕಾಲು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗಲ್ಲಿಯಲ್ಲಿ ಓಡಿದೆ. ಅಂಗಡಿ ಖಾಲಿಯಾಗಿರುತ್ತದೆ ಎಂದು ಎದೆ ಗಟ್ಟಿ ಮಾಡಿಕೊಂಡು ಬಾಗಿಲಿಗೆ ಬಂದರೆ, ಎಲ್ಲ ಇದ್ದ ಹಾಗೇ ಇತ್ತು. ಟೆಂಪೊದ ಸುಳಿವಿಲ್ಲ. ತಾತ ಸ್ಟೂಲಿನ ಮೇಲೆ ಕೂತು ಟೀಯಲ್ಲಿ ಬನ್ನು ಅದ್ದಿಕೊಂಡು ತಿನ್ನುತ್ತಿದ್ದರು. ಮುಖದಲ್ಲಿ ಮದುವೆ ಮನೆಯ ಕಳೆ. ನನ್ನನ್ನು ನೋಡಿ, "ಏನ್ ಪಾಪ, ಏನಾದ್ರೂ ಮರೆತು ಹೋದ್ಯಾ?" ಎಂದರು.

"ಮರೆಯೋದಾ? ಈಗ ತಾನೇ ಬರ್ತಿದೀನಿ ತಾತ. ಟೆಂಪೊ ಎಲ್ಲಿ?"

"ವಾಪಸ್ ಕಳಿಸ್ದೆ. ನೀನೇ ಹೇಳಿದ್ದಲ್ವಾ ಕಳಿಸು ಅಂತ?" ತಾತ ಬನ್ನು ನುಂಗಿ ನಕ್ಕರು. "ಆ ವ್ಯಾಪಾರಿಗೆ ಸಿಟ್ಟು ಬಂತು, ಬರ್ಲಿ ಬಿಡು. ಮಗಳಿಗೂ ಫೋನ್ ಮಾಡಿ ಹೇಳ್ಬಿಟ್ಟೆ, ನಾನು ಬರಲ್ಲಮ್ಮ, ನನ್ನ ಅಂಗಡಿ ನಮ್ಮ ಎಡಗೈ ಪಾಪನ ಮನೆಗೆ ಹೋಗ್ತೈತೆ ಅಂತ."

ನನಗೆ ತಲೆಬುಡ ತಿಳಿಯಲಿಲ್ಲ. ಬಿಸಿಲಿಗೆ ಏನೋ ಆಗಿದೆ ಎಂದುಕೊಂಡು ಗೋಣಿಚೀಲದ ಮೇಲೆ ಕೂತೆ. ತಾತ ಖುಷಿಯಲ್ಲಿ ಮಾತಾಡುತ್ತಲೇ ಇದ್ದರು.

"ನಾನೇ ಕೇಳೋಣ ಅಂದ್ರೆ ನನಗೆಲ್ಲಿ ಧೈರ್ಯ? ನಿಮ್ಮನೇಲಿ ಹುಳ ಸಾಕ್ತಾರೆ ಅನ್ನೋದು ನನಗೆ ಗೊತ್ತಿಲ್ವಾ? ನೀನಾಗೇ ಬಂದೆ. ಬೀದಿ ಕಡೆ ರೂಮು ಐತೆ, ಮೂಡಲ ಬೆಳಕು ಐತೆ, ಹುಳದ ಸ್ಟ್ಯಾಂಡಿನ ಮೇಲೆ ಶೀಟು ಮಲಗ್ಸಿ ಇಡಬೋದು, ಗೇಣು ಹಾಕಿ ನೋಡಿದೀನಿ ಅಂದೆ. ಎಷ್ಟು ನಗ್ತಿದ್ದೆ ಪಾಪ ನೀನು! ನೀನು ಹಂಗೆ ನಕ್ಕಿದ್ದು ನಾನು ನೋಡೇ ಇರಲಿಲ್ಲ."

ಗೇಣು ಹಾಕಿದ್ದು ನನ್ನನ್ನು ಬಿಟ್ಟು ಇನ್ನೊಂದು ಜೀವಕ್ಕೆ ಗೊತ್ತಿರಲಿಲ್ಲ. ಯಾವಾಗ ಬಂದಿದ್ದೆ ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ತಾತ ಹೇಳಿದರು: "ಅದೃಷ್ಟ ನೋಡು, ನೀನು ಚಿಕ್ಕೋಳಿದ್ದಾಗಿಂದ ಕೇಳ್ತಿದ್ದ ಆ ನೀಲಿ ಇವತ್ತೇ ಸಿಗ್ಬೇಕಾ? ಟೆಂಪೊಗೆ ಅಂತ ಡ್ರಾಯರ್ ಖಾಲಿ ಮಾಡ್ತಿದ್ನಾ, ಹಿಂದ್ಗಡೆ ಒಂದು ಟ್ಯೂಬು ಬಿದ್ದಿತ್ತು. ಒಂದೇ ಒಂದು. ತಗೋ ಅಂತ ಕೊಟ್ರೆ ಹಚ್ಚಿ ನೋಡಿ, ಹೊಟ್ಟೆಗೆ ಅವುಚ್ಕೊಂಡು ಓಡಿ ಹೋದ್ಯಲ್ಲ."

ಎದ್ದು ಕದದ ಹತ್ತಿರ ಹೋದೆ. ನನ್ನ ಪಟ್ಟಿ. ಹಿಂದಿನ ವಾರ ನಾನು ಎಳೆದಿದ್ದ ಕಂದು ಗೆರೆ. ಅದರ ಮೇಲೆ, ನನ್ನ ಹೆಗಲ ಎತ್ತರಕ್ಕೆ ಸರಿಯಾಗಿ, ಒಂದು ಹೊಸ ಗೆರೆ. ಸ್ಟೌವ್ ಉರಿಯ ನೀಲಿ. ಬಗ್ಗಿ ಕೆಳಗಿನ ಒಂಬತ್ತು ವರ್ಷದ ಗೆರೆ ನೋಡಿದೆ, ಎದ್ದು ಮೇಲಿನದನ್ನು ನೋಡಿದೆ. ಎರಡೂ ಒಂದೇ. ಹೊಸದರ ಬಾಲ ಕೊಕ್ಕೆಯಾಗಿ ಎಡಕ್ಕೆ ತಿರುಗಿತ್ತು. ಹೆಬ್ಬೆರಳು ಇಟ್ಟು ನೋಡಿದೆ, ಇನ್ನೂ ಹಸಿಯಿತ್ತು. ಬೆರಳಿಗೆ ಮೆತ್ತಿದ ಬಣ್ಣ ಒರೆಸಲು ಕೈಗೆ ಸಿಕ್ಕಿದ್ದು ಬಸ್ಸಿನ ಟಿಕೆಟ್, ಹೆಂಗಸರಿಗೆ ಕೊಡುವ ಉಚಿತ ಟಿಕೆಟ್ಟು. ಅದರ ಮೇಲೆ ನನ್ನ ಹೆಬ್ಬೆಟ್ಟು ನೀಲಿಯಾಗಿ ಒತ್ತಿಕೊಂಡಿತು. ಟಿಕೆಟ್ಟಿನಲ್ಲಿ ಹೊತ್ತು ಅಚ್ಚಾಗಿತ್ತು: ಹನ್ನೆರಡಕ್ಕೆ ಐದು ನಿಮಿಷ, ಶಿಡ್ಲಘಟ್ಟ. ನಾನು ಬಂದು ಹೋಗಿ ಎಷ್ಟು ಹೊತ್ತಾಯಿತು ತಾತ ಎಂದು ಕೇಳಿದೆ. "ಅರ್ಧ ಗಂಟೆ ಆಗಿರ್ಬೋದೇನೋ. ಯಾಕ್ ಪಾಪ, ಹುಷಾರಾಗಿದೀಯಾ?" ಎಂದರು. ಅರ್ಧ ಗಂಟೆಯ ಹಿಂದೆ ನಾನು ಟೊಮ್ಯಾಟೊ ತೋಟದ ಪಕ್ಕ ಕೊಡೆಯ ಕೆಳಗೆ ನಿಂತು ಅಳುತ್ತಿದ್ದೆ.

ಬಂದವಳು ನಾನಲ್ಲ ತಾತ ಎಂದು ಹೇಳಬೇಕಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಮುಖ ನೋಡಿ ಹೇಗೆ ಹೇಳಲಿ? ಟೆಂಪೊ ವಾಪಸ್ಸಾಗಿದೆ, ವ್ಯಾಪಾರಿ ಕೋಪಿಸಿಕೊಂಡು ಹೋಗಿದ್ದಾನೆ, ಮಗಳಿಗೆ ಫೋನು ಹೋಗಿದೆ. ನಾನಲ್ಲ ಎಂದರೆ ಈ ಮನುಷ್ಯನಿಗೆ ಇತ್ತ ಅಂಗಡಿಯೂ ಇಲ್ಲ, ಅತ್ತ ವ್ಯಾಪಾರಿಯೂ ಇಲ್ಲ. "ಏನೂ ಇಲ್ಲ ತಾತ, ಬಿಸಿಲು" ಎಂದು ಹೇಳಿ, ಅವರು ಕೊಟ್ಟ ಅರ್ಧ ಬನ್ನು ತಿಂದು ಮನೆಯ ದಾರಿ ಹಿಡಿದೆ. ದಾರಿಯುದ್ದಕ್ಕೂ ಅವಳನ್ನು ಬೈದುಕೊಂಡೆ. ನೀನು ನಕ್ಕು ಮಾತು ಕೊಟ್ಟು ಹೋದೆಯಲ್ಲೇ ಮಾರಾಯ್ತಿ, ಅತ್ತೆಯ ಮುಂದೆ ನಿಲ್ಲಬೇಕಾದವಳು ನಾನು!

ಅತ್ತೆ ಹುಳದ ಮನೆಯಲ್ಲೇ ಇದ್ದರು. ಹುಳಗಳು ಹಣ್ಣಾಗಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳಿಗೆ ಏರಿದ್ದವು. ಅತ್ತೆ ಖಾಲಿಯಾದ ತಟ್ಟೆಗಳನ್ನು ಕೆಳಗಿಳಿಸಿ, ಮಂಡಿಗೆ ಕೈ ಕೊಟ್ಟುಕೊಂಡು ಕೂತಿದ್ದರು. ನಾನು ಹೊಸ್ತಿಲಿನಲ್ಲೇ ನಿಂತು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅಂಗಡಿ, ತಾತ, ಟೆಂಪೊ, ಈ ಕೋಣೆ.

"ಮಾತು ಕೊಟ್ಟು ಬಂದಿದೀಯಾ?" ಎಂದರು ಅತ್ತೆ.

"ಕೊಟ್ಟಂಗಾಯ್ತು ಅತ್ತೆ."

"ಕೊಟ್ಯೋ, ಕೊಟ್ಟಂಗಾಯ್ತೋ? ಸರಿಯಾಗಿ ಹೇಳಮ್ಮ."

ನೀಲಿ ಹತ್ತಿದ ಹೆಬ್ಬೆರಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದೆ. ಅದನ್ನು ಹೊರಗೆ ತೆಗೆದೆ. "ಕೊಟ್ಟೆ" ಎಂದೆ.

ಅತ್ತೆ ನನ್ನ ಬೆರಳನ್ನು ನೋಡಿದರು, ಕಿಟಕಿಯ ಹಸಿರು ಸರಳುಗಳನ್ನು ನೋಡಿದರು. ಹನ್ನೊಂದು ವರ್ಷದಿಂದ ಆ ಸರಳುಗಳ ಬಣ್ಣವನ್ನು ಅವರು ಕೆರೆಸಿರಲಿಲ್ಲ ಎನ್ನುವುದು ನನಗೆ ಆಗಲೇ ಹೊಳೆದದ್ದು. "ಚೆನ್ನಾಗೇ ಹೊಡ್ದಿದ್ದೆ ಕಣಮ್ಮ ಬಣ್ಣಾನ" ಎಂದರು. "ಅವತ್ತು ಹುಳ ಹೋದ್ವು ಅಂತ ಹೊಟ್ಟೆ ಉರೀತು, ಸುಳ್ಳು ಯಾಕೆ ಹೇಳ್ಲಿ? ಎಂಟು ದಿನಕ್ಕೆ ನನ್ನ ಸಿಟ್ಟು ಇಳೀತು. ನೀನು ಹನ್ನೊಂದು ವರ್ಷ ಹಿಡ್ಕೊಂಡು ಕೂತೆ. ತರಕಾರಿ ತರ್ತೀನಿ ಅಂತ ಹೋಗಿ ಮೂರು ಗಂಟೆಗೆ ಒಂದು ಕಟ್ಟು ಕೊತ್ತಂಬರಿ ತರೋಳಿಗೆ ಇನ್ನೇನು ಕೆಲಸ ಇರುತ್ತೆ ಅಂತ ನನಗೆ ಗೊತ್ತಾಗಲ್ವಾ?"

ನನಗೆ ನಗು ಬಂತು, ಅಳುವೂ ಬಂತು. ಅತ್ತೆ ಮಾತು ಮುಂದುವರಿಸಿದರು. "ಈ ತಟ್ಟೆ ಎತ್ತಿ ಇಳಿಸಿ ನನ್ನ ಮಂಡಿ ಹೋಗೈತೆ. ಹುಳ ಬಿಟ್ಬಿಡು ಅನ್ನೋಕೆ ನಿನ್ನ ಗಂಡನಿಗೆ ಧೈರ್ಯ ಇಲ್ಲ. ಬಿಡ್ತೀನಿ ಅನ್ನೋಕೆ ನನಗೆ ಬಾಯಿ ಬರಲ್ಲ. ಯಾರಾದ್ರೂ ಈ ರೂಮು ಕೇಳ್ಲಿ ಅಂತ ಕಾಯ್ತಿದ್ದೆ. ಗೂಡು ಬಿಡ್ಸೋವರ್ಗೂ ತಡ್ಕೊಳ್ಳಿ, ಆಮೇಲೆ ತುಂಬ್ಕೊಳ್ಳಿ. ಆ ತಾತನಿಗೆ ಹೇಳು, ಮಧ್ಯಾಹ್ನದ ಊಟ ನಮ್ಮನೇಲೇ, ಬನ್ನು ತಿಂದ್ಕೊಂಡು ಕೂರಬಾರ್ದು ಅಂತ." ತಾತ ಬನ್ನು ತಿನ್ನುವುದು ಇವರಿಗೆ ಹೇಗೆ ಗೊತ್ತು ಎಂದು ಬೆಚ್ಚಿಬಿದ್ದೆ. ಆಮೇಲೆ ನೋಡಿದರೆ ನನ್ನ ಸೀರೆಯ ಮೇಲೆಲ್ಲ ಬನ್ನಿನ ಪುಡಿ.

ಅಂಗಡಿ ಸಾಗಿಸಿದ ದಿನವನ್ನು ನೀವು ನೋಡಬೇಕಿತ್ತು. ಲಾರಿಗೆ ಹೂಬಳ್ಳಿ ಬಿಡಿಸುವವರು ಲಾರಿಯನ್ನೇ ತಂದರು. ಬೋರ್ಡು ಬರೆಯುವವರೆಲ್ಲ ಕೆಲಸ ಬಿಟ್ಟು ಬಂದರು. ಒಬ್ಬರ ತಲೆಯ ಮೇಲೆ ರಂಗೋಲಿ ಪುಡಿಯ ಮೂಟೆ ಒಡೆದು ಅವರು ಗುಲಾಬಿ ಬಣ್ಣಕ್ಕೆ ತಿರುಗಿದರು, ಆಮೇಲೆ ಬೇಕೆಂದೇ ಎಲ್ಲರೂ ಅವರನ್ನು ಅಪ್ಪಿಕೊಂಡು ಗುಲಾಬಿಯಾದರು. ಕದವನ್ನು ನಾಲ್ಕು ಜನ ಹೊತ್ತು ತಂದು ಮೂಡಲ ಕಿಟಕಿಯ ಪಕ್ಕ ನಿಲ್ಲಿಸಿದರು. ಅತ್ತೆ ಒಂದು ಹಂಡೆ ಚಿತ್ರಾನ್ನ ಮಾಡಿದ್ದರು. ಖಾಲಿ ತಗಡಿನ ಜಗಳವೂ ಅವತ್ತೇ ಮುಗಿಯಿತು. "ಬಣ್ಣದ ತಾತನ ಅಂಗಡಿ", ಒಂಬತ್ತು ಅಕ್ಷರ, ಒಂಬತ್ತು ಕೈ. ಒಬ್ಬರದು ದಪ್ಪ, ಒಬ್ಬರದು ಸಣ್ಣ, ಒಬ್ಬರದಕ್ಕೆ ನೆರಳು, ಇನ್ನೊಬ್ಬರದಕ್ಕೆ ಬಳ್ಳಿ. ಕೊನೆಯ ಅಕ್ಷರ ನನ್ನದು. ಅಷ್ಟು ವಿಕಾರವಾದ, ಅಷ್ಟು ಚೆಂದದ ಬೋರ್ಡು ನಮ್ಮ ತಾಲ್ಲೂಕಿನಲ್ಲಿ ಇನ್ನೊಂದಿಲ್ಲ.

ಈಗ ಅಂಗಡಿ ನಮ್ಮ ಮನೆಯಲ್ಲೇ ಇದೆ. ತಾತ ಬೆಳಿಗ್ಗೆ ಬರುತ್ತಾರೆ, ಅತ್ತೆಯ ಜೊತೆ ಸಾರಿನ ಹುಳಿಯ ವಿಷಯಕ್ಕೆ ವಾದ ಮಾಡುತ್ತಾರೆ. ಅತ್ತೆಗೆ ಈಗ ಟ್ಯೂಬುಗಳ ಹೆಸರೆಲ್ಲ ಬಾಯಿಪಾಠ. ನಾನು ಸ್ವಂತ ಮನೆಯಲ್ಲಿ, ಹಗಲು ಬೆಳಕಿನಲ್ಲಿ, ಯಾರಿಗೂ ಸುಳ್ಳು ಹೇಳದೆ ಚಿತ್ರ ಬರೆಯುತ್ತೇನೆ. ನನ್ನ ಸಂತೋಷವನ್ನು ಇದಕ್ಕಿಂತ ಬಿಡಿಸಿ ಹೇಳಲು ನನಗೆ ಬರುವುದಿಲ್ಲ.

ಆದರೆ ಬಂದವಳು ಯಾರು? ನನ್ನ ಗಂಡ ಕರೆಂಟ್ ಆಫೀಸಿನವರು, ಎಲ್ಲಕ್ಕೂ ಒಂದು ವೈರು ಹುಡುಕುತ್ತಾರೆ. ತಾತನಿಗೇ ನಮ್ಮ ಕೋಣೆಯ ಮೇಲೆ ಆಸೆಯಿತ್ತು, ಕೇಳಲು ನಾಚಿಕೆ, ಅದಕ್ಕೇ ನೀನೇ ಹೇಳಿದೆ ಎಂದು ಕಥೆ ಕಟ್ಟಿದರು ಎನ್ನುವುದು ಅವರ ವಾದ. ಇರಬಹುದು. ಆದರೆ ಗೇಣಿನ ವಿಷಯ? ಎಡಕ್ಕೆ ತಿರುಗಿದ ಬಾಲ? ಜೀವಮಾನದಲ್ಲಿ ಆ ಕದದ ಮೇಲೆ ಒಂದು ಚುಕ್ಕಿ ಇಡದ ಮನುಷ್ಯ ಅವತ್ತು ಎಡಗೈಯಲ್ಲಿ ಬ್ರಶ್ಶು ಹಿಡಿದರೆಂದು ನಾನು ನಂಬಲಾರೆ. ಗಣಿತದ ಮೇಡಂ, ಒಬ್ಬರ ಹಾಗೆ ಏಳು ಜನ ಇರುತ್ತಾರಂತೆ ಎಂದು ಲೆಕ್ಕ ಹೇಳಿದರು. ಏಳರಲ್ಲಿ ಒಬ್ಬಳಿಗೆ ನನ್ನ ಮನಸ್ಸಿ‍ನೊಳಗಿನ ಮಾತೂ ಗೊತ್ತಿರುತ್ತದೆಯೇ ಎಂದು ಕೇಳಿದೆ. ಒಂದು ವರ್ಷ ಕಳೆದ ಮೇಲೆ ತಾತನಿಗೇ ಎಲ್ಲ ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀನಲ್ದೆ ಇನ್ಯಾರು ಪಾಪ? ನಿನ್ನನ್ನ ನನಗೆ ಗೊತ್ತಾಗಲ್ವಾ?" ಎಂದು ಹೇಳಿ ಊಟಕ್ಕೆ ಎದ್ದರು. ಸಾಕ್ಷಿಗೆ ಎಂದು ನಾನು ಜೋಪಾನ ಮಾಡಿದ್ದ ಬಸ್ ಟಿಕೆಟ್ಟಿನ ಅಕ್ಷರಗಳೆಲ್ಲ ಮಾಸಿ ಹೋಗಿವೆ. ಹೊತ್ತೂ ಇಲ್ಲ, ಊರೂ ಇಲ್ಲ. ಬಿಳಿ ಕಾಗದದ ಮೇಲೆ ನೀಲಿ ಹೆಬ್ಬೆಟ್ಟು ಮಾತ್ರ ಉಳಿದಿದೆ.

ನನ್ನ ಸ್ಟಾಫ್ ರೂಮಿನ ಪ್ರಶ್ನೆಗಳನ್ನು ನನಗೇ ಹಾಕಿಕೊಂಡು ನೋಡಿದ್ದೇನೆ, ಒಂದಕ್ಕೂ ಉತ್ತರವಿಲ್ಲ. ಹೆದರಿಕೆ ಮಾತ್ರ ಯಾವತ್ತೂ ಆಗಲಿಲ್ಲ. ನನಗೆ ಅವಳ ಮೇಲೆ ಇರುವುದು ಹೊಟ್ಟೆಕಿಚ್ಚು. ನಾನು ಬಿಸಿಲಲ್ಲಿ ನಿಂತು ಅಳುವಾಗ ಅವಳು ನಗುತ್ತಾ ಬಂದು, ಹನ್ನೊಂದು ವರ್ಷ ನನ್ನ ಬಾಯಿಗೆ ಬಾರದ ಮಾತನ್ನು ಎರಡು ನಿಮಿಷದಲ್ಲಿ ಆಡಿ, ಹೋಗುವಾಗ ನನ್ನ ನೀಲಿಯನ್ನೂ ಎತ್ತಿಕೊಂಡು ಹೋದಳು. ಇಡೀ ಮನೆ ಹುಡುಕಿದ್ದೇನೆ, ಆ ಟ್ಯೂಬು ಸಿಕ್ಕಿಲ್ಲ. ಅದರಲ್ಲಿ ಅವಳು ಏನು ಬರೆದಳೋ ನೋಡಬೇಕೆಂದು ತುಂಬಾ ಆಸೆ. ಇಷ್ಟು ಹೊತ್ತಿಗೆ ಅದು ಮುಗಿದಿರಬೇಕು. ಮುಗಿದರೆ ಅವಳಾದರೂ ಎಲ್ಲಿಗೆ ಹೋಗುತ್ತಾಳೆ? ಬಣ್ಣ ಬೇಕೆಂದರೆ ಇಲ್ಲಿಗೇ ಬರಬೇಕು. ಅದಕ್ಕೇ ಕದದ ಮೇಲೆ ನನ್ನ ಪಟ್ಟಿಯಲ್ಲಿ, ಆ ನೀಲಿ ಗೆರೆಯ ಪಕ್ಕ, ಒಂದು ಗೆರೆಗೆ ಆಗುವಷ್ಟು ಜಾಗ ಬಿಟ್ಟಿದ್ದೇನೆ. ಅಂಗಡಿ ಹುಡುಕಲು ಅವಳಿಗೆ ಕಷ್ಟವಾಗದು. ಈ ವಿಳಾಸ ಕೊಟ್ಟವಳೇ ಅವಳಲ್ಲವೇ?